ಒಂದೇ ಆಟ ಹಿಡಿಯದವನು

"ನೀನು ಒಂದೇ ಆಟ ಹಿಡಿದಿದ್ದರೆ ಎಲ್ಲಿಗೋ ಹೋಗುತ್ತಿದ್ದೆ ಮಾರಾಯ." ಮದುವೆ ಮನೆಯಲ್ಲಿ, ಗೃಹಪ್ರವೇಶದ ಪಂಕ್ತಿಯಲ್ಲಿ, ಊರಿನ ಬಸ್ ನಿಲ್ದಾಣದಲ್ಲಿ ಸಿಗುವ ಹಳೆಯ ಸಹಪಾಠಿಗಳು ಈ ಮಾತು ಆಡದೆ ಬಿಡುವುದಿಲ್ಲ. ಅದರಲ್ಲಿ ಪ್ರೀತಿ ಇದೆ, ಸ್ವಲ್ಪ ಮರುಕವೂ ಇದೆ. ಪ್ರೌಢಶಾಲೆಯಲ್ಲಿದ್ದಾಗ ನಾನು ಖೋ ಖೋ ಆಡುತ್ತಿದ್ದೆ, ವಾಲಿಬಾಲ್ ಆಡುತ್ತಿದ್ದೆ, ಕಬಡ್ಡಿಯಲ್ಲಿ ಎಡ ಮೂಲೆ ಕಾಯುತ್ತಿದ್ದೆ, ಉದ್ದ ಜಿಗಿತ, ಎತ್ತರ ಜಿಗಿತ ಎರಡಕ್ಕೂ ಹೆಸರು ಕೊಡುತ್ತಿದ್ದೆ, ರಿಲೇಗೆ ಒಬ್ಬ ಕಡಿಮೆಯಾದರೆ ಅದಕ್ಕೂ ನಾನೇ. ಹೋಬಳಿ ಮಟ್ಟದ ಕ್ರೀಡಾಕೂಟದಿಂದ ಮನೆಗೆ ಬರುವಾಗ ಕೈತುಂಬ ಪ್ರಮಾಣಪತ್ರಗಳಿರುತ್ತಿದ್ದವು. ತಾಲ್ಲೂಕಿನಲ್ಲಿ ಅವು ಅರ್ಧವಾಗುತ್ತಿದ್ದವು. ಜಿಲ್ಲೆಗೆ ಹೋದರೆ ಪ್ರತಿಯೊಂದು ಆಟದಲ್ಲೂ ಅದನ್ನೇ ಉಸಿರಾಡುವ ಒಬ್ಬ ಹುಡುಗ ಎದುರಿಗೆ ನಿಂತಿರುತ್ತಿದ್ದ. ವಿಭಾಗ ಮಟ್ಟವನ್ನು ನೋಡಿದ್ದು ಖೋ ಖೋ ತಂಡದ ಕೊನೆಯ ಹೆಸರಾಗಿ. ರಾಜ್ಯ ಮಟ್ಟವನ್ನು ಆಟಗಾರನಾಗಿ ನೋಡಲೇ ಇಲ್ಲ. ಮುಂದೆ ಬಿ.ಪಿ.ಎಡ್. ಮುಗಿಸಿ ದೈಹಿಕ ಶಿಕ್ಷಣ ಶಿಕ್ಷಕನಾದೆ. ಈಗ ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ, ಸಂಜೆಗೆ ಅಲ್ಲಿಯೇ ತಂಡಗಳನ್ನು ತಯಾರು ಮಾಡುತ್ತೇನೆ.

ಸಹಪಾಠಿಗಳ ಮಾತು ನನ್ನನ್ನು ಕಾಡುವುದು ಅದು ಸುಳ್ಳೆಂಬ ಕಾರಣಕ್ಕಲ್ಲ. ಒಂದೇ ಆಟ ಹಿಡಿದಿದ್ದರೆ ಖೋ ಖೋದಲ್ಲಿ ಇನ್ನೊಂದು ಮೆಟ್ಟಿಲು ಏರುತ್ತಿದ್ದೆನೇನೋ. ಆದರೆ ಆ ಮಾತಿನ ಒಳಗೆ ಇನ್ನೊಂದು ನಂಬಿಕೆ ಅಡಗಿ ಕುಳಿತಿದೆ: ಹಲವು ಆಟ ಆಡುವವನು ಯಾವುದನ್ನೂ ಕಲಿಯದವನು, ಎಲ್ಲಿಗೂ ತಲುಪದವನು ಕೊನೆಗೆ ಮೇಷ್ಟರಾಗುತ್ತಾನೆ. ಹಾಗಿದ್ದರೆ ನಾನು ದಿನವೂ ಮಾಡುವ ಕೆಲಸಕ್ಕೆ ಬೇಕಾದ ಅರ್ಹತೆ ಎಲ್ಲಿಂದ ಬಂತು ಎಂಬುದನ್ನು ಒಮ್ಮೆ ಸಾವಧಾನವಾಗಿ ಯೋಚಿಸಬೇಕೆನಿಸಿತು.

ಗುಡ್ಡ ಕಡಿದ ಮೈದಾನ

ನಾನು ಓದಿದ್ದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಭಾಗದಲ್ಲಿ. ಮಲೆನಾಡಿನ ಶಾಲಾ ಮೈದಾನ ಹೇಗಿರುತ್ತದೆಂದು ಅಲ್ಲಿನವರಿಗೆ ವಿವರಿಸಬೇಕಿಲ್ಲ. ಗುಡ್ಡವನ್ನು ಕಡಿದು, ಕಡಿದ ಮಣ್ಣನ್ನು ಇಳಿಜಾರಿಗೆ ಸುರಿದು ಸಮ ಮಾಡಿದ ಜಾಗ. ಒಂದು ಬದಿಗೆ ಜಂಬಿಟ್ಟಿಗೆಯ ದರೆ, ಇನ್ನೊಂದು ಬದಿಗೆ ಅಡಿಕೆ ತೋಟ. ವಾಲಿಬಾಲ್ ತೋಟಕ್ಕೆ ಉರುಳಿದರೆ ಆಟ ನಿಲ್ಲುತ್ತಿತ್ತು, ಏಕೆಂದರೆ ಇದ್ದದ್ದು ಒಂದೇ ಚೆಂಡು. ಕ್ರೀಡಾಕೂಟಗಳು ಬರುತ್ತಿದ್ದದ್ದು ಮಳೆಗಾಲದಲ್ಲಿ. ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಮಧ್ಯಾಹ್ನದ ಮಳೆಗೆ ಹಾಲಾಗಿ ಹರಿದುಹೋದರೆ ಮತ್ತೆ ಹಾಕಬೇಕು. ಇಂಥ ಮೈದಾನದಲ್ಲಿ ಒಂದೇ ಆಟ ಹಿಡಿಯುವ ಅವಕಾಶವೇ ಇರಲಿಲ್ಲ. ನೆಲ ಒದ್ದೆಯಿದ್ದರೆ ಖೋ ಖೋ ಇಲ್ಲ, ಚೆಂಡು ಪಂಕ್ಚರ್ ಆದರೆ ವಾಲಿಬಾಲ್ ಇಲ್ಲ, ಮರಳಿನ ಗುಂಡಿಯಲ್ಲಿ ನೀರು ನಿಂತರೆ ಜಿಗಿತ ಇಲ್ಲ. ಆ ದಿನ ಯಾವುದು ಸಾಧ್ಯವೋ ಅದೇ ಆ ದಿನದ ಆಟ. ನನ್ನನ್ನು ಎಲ್ಲ ಆಟದವನನ್ನಾಗಿ ಮಾಡಿದ್ದು ಪ್ರತಿಭೆಯಲ್ಲ, ಕೊರತೆ.

ನಮ್ಮ ದೈಹಿಕ ಶಿಕ್ಷಣದ ಮೇಷ್ಟರು ಟ್ರ್ಯಾಕ್ ಹಾಕುವಾಗ ಯಾರಾದರೂ ನಾಲ್ವರು ಹುಡುಗರನ್ನು ಜೊತೆಗೆ ಕರೆದುಕೊಳ್ಳುತ್ತಿದ್ದರು. ಒಂದು ಗೂಟ, ಗಂಟು ಹಾಕಿದ ತೆಂಗಿನ ನಾರಿನ ಹಗ್ಗ, ತುದಿಗೊಂದು ಉದ್ದದ ಮೊಳೆ. ಗೂಟವನ್ನು ನಡುವೆ ನೆಟ್ಟು ಹಗ್ಗ ಬಿಗಿಹಿಡಿದು ಸುತ್ತಿದರೆ ತಿರುವಿನ ಅರ್ಧವೃತ್ತ ಮಣ್ಣಿನ ಮೇಲೆ ಮೂಡುತ್ತಿತ್ತು. ಅದರ ಮೇಲೆ ಸುಣ್ಣ. ನಮ್ಮದು 200 ಮೀಟರಿನ ಟ್ರ್ಯಾಕ್, ಲೇನಿನ ಅಗಲ ಒಂದು ಮೀಟರ್. 200 ಮೀಟರ್ ಓಟವೆಂದರೆ ಪೂರ್ತಿ ಒಂದು ಸುತ್ತು. ಹೊರಗಿನ ಲೇನಿನವನನ್ನು ಎಷ್ಟು ಮುಂದೆ ನಿಲ್ಲಿಸಬೇಕೆಂದು ಅವರು ನಮ್ಮನ್ನೇ ಕೇಳಿದರು. ಒಬ್ಬ ಎರಡು ಮೀಟರ್ ಎಂದ, ಇನ್ನೊಬ್ಬ ಮೈದಾನ ನೋಡಿ ಹೇಳಬೇಕು ಎಂದ. ಅವರು ನಕ್ಕು, ನೆಲದ ಮೇಲೆ ಕಡ್ಡಿಯಿಂದ ಎರಡು ವೃತ್ತ ಬರೆದು ಲೆಕ್ಕ ಮಾಡಿಸಿದರು. ತ್ರಿಜ್ಯ ಒಂದು ಮೀಟರ್ ಹೆಚ್ಚಾದರೆ ಸುತ್ತಳತೆ ಎರಡು ಪೈ, ಅಂದರೆ 6 ಮೀಟರ್ 28 ಸೆಂಟಿಮೀಟರ್ ಹೆಚ್ಚುತ್ತದೆ. ಮೈದಾನ ನಮ್ಮದರಷ್ಟು ಸಣ್ಣದಿರಲಿ, ಕಂಠೀರವದಷ್ಟು ದೊಡ್ಡದಿರಲಿ, ಲೇನಿನ ಅಗಲ ಒಂದೇ ಆಗಿದ್ದರೆ ಒಂದು ಸುತ್ತಿಗೆ ಕೊಡಬೇಕಾದ ಅಂತರ ಬದಲಾಗುವುದಿಲ್ಲ. ಈ ಸಂಗತಿ ನನಗೆ ಇವತ್ತಿಗೂ ಸೋಜಿಗವೇ. ಪೈ ಎಂಬುದು ಹಲಗೆಯ ಮೇಲಿನ ಅಕ್ಷರವಲ್ಲ, ಮೂರನೆಯ ಲೇನಿನ ಹುಡುಗನಿಗೆ ಆಗಬಹುದಾದ ಅನ್ಯಾಯದ ಅಳತೆ ಎಂದು ನಾನು ಕಲಿತದ್ದು ಸುಣ್ಣ ಮೆತ್ತಿದ ಕೈಯಲ್ಲಿ. ಈಗ ನನ್ನ ಶಾಲೆಯಲ್ಲೂ ಗೆರೆ ಹಾಕುವವರು ಮಕ್ಕಳೇ. ಗಣಿತದ ಶಿಕ್ಷಕರು ಜನವರಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೆಸರಿನಲ್ಲಿ ನನ್ನ ಪಿರಿಯಡ್ ಕೇಳಲು ಬಂದಾಗ ಈ ಲೆಕ್ಕವನ್ನು ನೆನಪಿಸಿ ಸ್ವಲ್ಪ ಚೌಕಾಸಿ ಮಾಡುವುದುಂಟು. ಪಿರಿಯಡ್ ಹೋಗುವುದು ಹೋಗುತ್ತದೆ, ಆ ಮಾತು ಬೇರೆ.

ಹೊಸಬನ ಕಾಲು

ವಾಲಿಬಾಲಿಗೆ ನಾನು ಬಂದದ್ದು ಉದ್ದ ಜಿಗಿತದಿಂದ. ಉದ್ದ ಜಿಗಿತದವನ ಕಾಲಿಗೆ ಒಂದೇ ಪಾಠ ಗೊತ್ತು: ಓಡಿ ಬಂದು, 20 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಒಂದು ಕಾಲನ್ನು ಬಲವಾಗಿ ಊರಿ, ಮುಂದಕ್ಕೆ ಹಾರುವುದು. ನೆಟ್ಟಿನ ಮುಂದೆ ನಾನು ಅದನ್ನೇ ಮಾಡುತ್ತಿದ್ದೆ. ಒಂಟಿ ಕಾಲಿನಲ್ಲಿ ಹಾರಿ, ಗಾಳಿಯಲ್ಲಿ ಮುಂದಕ್ಕೆ ತೇಲಿ, ಎದೆಯಿಂದ ನೆಟ್ಟಿಗೆ ಬೀಳುತ್ತಿದ್ದೆ. ಸ್ಮ್ಯಾಷಿಗೆ ಬೇಕಾದದ್ದು ಮುಂದಕ್ಕೆ ಹೋಗುವ ವೇಗವನ್ನು ಮೇಲಕ್ಕೆ ತಿರುಗಿಸುವುದು, ಅದಕ್ಕೆ ಕೊನೆಯ ಹೆಜ್ಜೆಯಲ್ಲಿ ಎರಡೂ ಕಾಲು ಕೂಡಬೇಕು. ಹೇಳಿದರೆ ತಲೆಗೆ ಅರ್ಥವಾಗುತ್ತಿತ್ತು, ಕಾಲಿಗೆ ಆಗುತ್ತಿರಲಿಲ್ಲ.

ಮೇಷ್ಟರಿಗೆ ಮಂಡಿ ನೋವು, ತಾವೇ ಹಾರಿ ತೋರಿಸುವ ಸ್ಥಿತಿ ಇರಲಿಲ್ಲ. ಅವರು ಮಾಡಿದ್ದಿಷ್ಟು. ನೆಟ್ಟಿನಿಂದ ಒಂದು ಮಾರು ಹಿಂದೆ, ಅಕ್ಕಪಕ್ಕದಲ್ಲಿ, ಒಂದು ತುಸು ಮುಂದೆ ಒಂದು ತುಸು ಹಿಂದೆ ಇರುವಂತೆ ಎರಡು ಪಾದಗಳ ಗುರುತನ್ನು ಸುಣ್ಣದಲ್ಲಿ ಬರೆದರು. ತರಗತಿಯಿಂದ ಒಂದು ಬೆಂಚು ತರಿಸಿ ಅದರ ಮೇಲೆ ನಿಂತು, ಚೆಂಡನ್ನು ಅಂಗೈಯಲ್ಲಿ ಎತ್ತಿ ಹಿಡಿದರು. "ಚೆಂಡು ನೋಡಬೇಡ. ಹೊಡೆಯಲೂ ಬೇಡ. ಪಾದದಲ್ಲಿ ಪಾದ ಇಟ್ಟು ಹಾರು, ಕೈ ಮುಟ್ಟಿದರೆ ಸಾಕು" ಎಂದರು. ಎಡ, ಬಲ, ಎಡ. ಕೊನೆಯ ಎರಡು ಹೆಜ್ಜೆ ಗುರುತಿನ ಮೇಲೆ. ಚೆಂಡು ಅಲುಗಾಡದೆ ಅಲ್ಲಿಯೇ ಇತ್ತು. ಸಂಜೆಯ ಹೊತ್ತಿಗೆ ಗುರುತುಗಳು ಅಳಿಸಿ ಮಣ್ಣಾಗಿದ್ದವು, ನನ್ನ ಕಾಲು ಮಾತ್ರ ಅವುಗಳನ್ನು ಹುಡುಕಿಕೊಂಡು ಹೋಗುವಷ್ಟು ಕಲಿತಿತ್ತು. ಅವರು ಹೊಗಳಲಿಲ್ಲ, ಬೈಯಲೂ ಇಲ್ಲ. ಬೆಂಚನ್ನು ತರಗತಿಗೆ ವಾಪಸ್ ಇಟ್ಟು ಬರುವಂತೆ ಹೇಳಿದರು.

ಮರುವರ್ಷ ಕಬಡ್ಡಿಯಲ್ಲಿ ಮತ್ತೆ ಇದೇ ಕಥೆ. ವಾಲಿಬಾಲಿನಲ್ಲಿ ಕಣ್ಣು ಸದಾ ಮೇಲೆ, ಮೂಲೆ ಕಾಯುವವನ ಕಣ್ಣು ರೈಡರನ ಸೊಂಟದ ಕೆಳಗೆ. ಹಿಮ್ಮಡಿ ಹಿಡಿಯಲು ಬಾಗಿದವನು ಯಾವ ಕ್ಷಣ ಬಾಗಬೇಕೆಂದು ತಿಳಿಯದೆ ಒದೆ ತಿನ್ನುತ್ತಿದ್ದೆ. ಖೋ ಖೋದಲ್ಲಿ ಚೌಕದಲ್ಲಿ ಕುಳಿತವನು ಬೆನ್ನ ಹಿಂದೆ ಖೋ ಬಿದ್ದ ಕೂಡಲೇ ಏಳಬೇಕು, ಎದ್ದು ಒಂದು ದಿಕ್ಕಿಗೆ ತಿರುಗಿದ ಮೇಲೆ ಕಂಬ ದಾಟುವವರೆಗೆ ಹಿಂದಿರುಗುವಂತಿಲ್ಲ. ಹೀಗೆ ಒಂದು ಆಟದಲ್ಲಿ ಕೈ ಪಳಗಿತು ಎನ್ನುವಷ್ಟರಲ್ಲಿ ಇನ್ನೊಂದರ ಬಾಗಿಲಲ್ಲಿ ಏನೂ ತಿಳಿಯದವನಾಗಿ ನಿಂತಿರುತ್ತಿದ್ದೆ.

ನನಗೆ ಆ ವರ್ಷಗಳು ಕೊಟ್ಟದ್ದು ಐದಾರು ಆಟಗಳ ಕೌಶಲ ಎಂದು ಜನ ತಿಳಿದಿದ್ದಾರೆ. ಕೌಶಲ ಎಂದೋ ತುಕ್ಕು ಹಿಡಿಯಿತು. ಉಳಿದದ್ದು ಹೊಸಬನಾಗಿರುವುದರ ನೆನಪು. ಒಂದೇ ಆಟವನ್ನು ಆರನೆಯ ವಯಸ್ಸಿನಿಂದ ಆಡಿ ಮೇಲೆ ಹೋದವನಿಗೆ ತಾನು ಕಲಿಯದಿದ್ದ ದಿನ ನೆನಪಿರುವುದು ಕಷ್ಟ. ಅವನಿಗೆ ಅದು ನಡೆದಾಡಿದಷ್ಟೇ ಸಹಜ. ನಾನು ಎಂಟನೆಯ ತರಗತಿಯಲ್ಲಿ ಹೊಸಬ, ಒಂಬತ್ತರಲ್ಲಿ ಹೊಸಬ, ಹತ್ತರಲ್ಲೂ ಹೊಸಬ. ಕಾಲು ಏಕೆ ಮಾತು ಕೇಳುವುದಿಲ್ಲ, ನಗುವ ಹುಡುಗರ ಎದುರು ಮೂರನೆಯ ಸಲ ತಪ್ಪಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ, ಯಾವ ಒಂದು ಸಣ್ಣ ಸೂಚನೆಯಿಂದ ಗಂಟು ಬಿಚ್ಚಿಕೊಳ್ಳುತ್ತದೆ ಎಂಬುದೆಲ್ಲ ಮೈ ಕಲಿಯುವ ವಯಸ್ಸಿನಲ್ಲಿಯೇ ಮೈಗೆ ಗೊತ್ತಾಯಿತು. ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಯಾವುದಿದೆಯೋ ನಾನರಿಯೆ.

ಕಾಲುಚೀಲದ ಪಾಠ

ಹಲವು ಆಟಗಳಿಂದ ಮೇಷ್ಟರಾದವರ ಮಾತು ಬಂದಾಗ ನನಗೆ ನೆನಪಾಗುವ ದೊಡ್ಡ ಹೆಸರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಅವರದು. ಇಂಡಿಯಾನಾದ ಮಾರ್ಟಿನ್ಸ್‌ವಿಲ್ ಎಂಬ ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಓದಿದವರು. ಬ್ಯಾಸ್ಕೆಟ್‌ಬಾಲಿನ ಜೊತೆಗೆ ಬೇಸ್‌ಬಾಲ್ ಆಡಿದವರು. ಅವರ ಶಾಲೆ 1927ರಲ್ಲಿ ಬ್ಯಾಸ್ಕೆಟ್‌ಬಾಲಿನ ರಾಜ್ಯ ಪ್ರಶಸ್ತಿ ಗೆದ್ದಿತು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಆಟಗಾರರಾದ ಮೇಲೆ ಅವರು ಹೋದದ್ದು ಶಾಲೆಗೆ, ಇಂಗ್ಲಿಷ್ ಮೇಷ್ಟರಾಗಿ. ಕೆಂಟಕಿಯ ಡೇಟನ್ ಎಂಬಲ್ಲಿ ಕೋಚ್ ಆಗಿ ಅವರ ಮೊದಲ ಬ್ಯಾಸ್ಕೆಟ್‌ಬಾಲ್ ವರ್ಷ ಗೆಲುವಿಗಿಂತ ಸೋಲೇ ಹೆಚ್ಚಿನದಾಗಿತ್ತು. ಮುಂದೆ ಸೌತ್ ಬೆಂಡ್ ನಗರದ ಶಾಲೆಯಲ್ಲಿ ಬೆಳಿಗ್ಗೆ ಇಂಗ್ಲಿಷ್ ಪಾಠ, ಸಂಜೆ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಟೆನಿಸ್ ತಂಡಗಳ ತರಬೇತಿ. ಯುಸಿಎಲ್ಎ ವಿಶ್ವವಿದ್ಯಾಲಯದ ತಂಡ ಅವರ ಕೈಯಲ್ಲಿ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಇದೆಲ್ಲ ಆದ ಮೇಲಿನ ಮಾತು.

ಆ ಹತ್ತು ಪ್ರಶಸ್ತಿಗಳಿಗಿಂತ ನನ್ನನ್ನು ಹಿಡಿದಿಡುವುದು ಕಾಲುಚೀಲದ ಸಂಗತಿ. ಪ್ರತಿ ವರ್ಷದ ಮೊದಲ ಅಭ್ಯಾಸದ ದಿನ, ದೇಶದ ಅತ್ಯುತ್ತಮ ಯುವ ಆಟಗಾರರನ್ನು ಕೂರಿಸಿ, ಕಾಲುಚೀಲ ಹಾಕುವುದು ಹೇಗೆಂದು ಅವರು ಕಲಿಸುತ್ತಿದ್ದರಂತೆ: ಬೆರಳಿನ ಬಳಿ, ಹಿಮ್ಮಡಿಯ ಬಳಿ ಒಂದೂ ಸುಕ್ಕು ಉಳಿಯದಂತೆ ಎಳೆಯುವುದು, ಆಮೇಲೆ ಶೂ ದಾರವನ್ನು ಕೆಳಗಿನಿಂದ ಬಿಗಿಯುತ್ತ ಬರುವುದು. ಸುಕ್ಕಿದ್ದರೆ ಬೊಬ್ಬೆ, ಬೊಬ್ಬೆಯಿದ್ದರೆ ಅಭ್ಯಾಸ ತಪ್ಪುತ್ತದೆ. ಈ ತರ್ಕ ಪ್ರಾಥಮಿಕ ಶಾಲೆಯ ಮೇಷ್ಟರದು. ಅವರ ಕೊನೆಯ ವರ್ಷವಾದ 1974–75ರಲ್ಲಿ ರೊನಾಲ್ಡ್ ಗ್ಯಾಲಿಮೋರ್, ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸಗಳನ್ನು ಕುಳಿತು ನೋಡಿ, ಅಂಗಳದಲ್ಲಿ ಅವರು ಆಡಿದ ಒಂದೊಂದು ಮಾತನ್ನೂ ವರ್ಗೀಕರಿಸಿದರು. ಕಂಡುಬಂದದ್ದೆಂದರೆ, ಸುಮಾರು ಮುಕ್ಕಾಲು ಪಾಲು ಮಾತುಗಳಲ್ಲಿ ಇದ್ದದ್ದು ಮಾಹಿತಿ. ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದು. ಹೊಗಳಿಕೆಯೂ ಬೈಗುಳವೂ ತೀರ ಕಡಿಮೆ. ಅದನ್ನು ಓದಿದಾಗ ಬೆಂಚಿನ ಮೇಲೆ ಚೆಂಡು ಹಿಡಿದು ನಿಂತಿದ್ದ ನಮ್ಮ ಮೇಷ್ಟರ ರೀತಿಗೆ ಜಗತ್ತಿನಲ್ಲಿ ಜೊತೆಗಾರರಿದ್ದಾರೆಂದು ಸಮಾಧಾನವಾಯಿತು. ವುಡನ್ ಅವರ ಹೆಸರನ್ನು ನಮ್ಮ ಮೇಷ್ಟರು ಕೇಳಿರುವ ಸಾಧ್ಯತೆ ಕಡಿಮೆ. ಆದರೆ ಇಬ್ಬರೂ ಹಲವು ಆಟಗಳನ್ನು ಕಲಿಸಿದವರು, ಹಲವು ಆಟ ಕಲಿಸುವವನಿಗೆ ಭಾಷಣಕ್ಕೆ ಪುರುಸೊತ್ತು ಇರುವುದಿಲ್ಲ.

ನಮ್ಮ ಕಡೆಯ ದೈಹಿಕ ಶಿಕ್ಷಣದ ಓದು ಕೂಡ ಮೂಲದಲ್ಲಿ ಈ ಬಗೆಯದೇ. ಹ್ಯಾರಿ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಿಂದ ಇವತ್ತಿನ ಬಿ.ಪಿ.ಎಡ್. ಕಾಲೇಜುಗಳವರೆಗೆ ಎಲ್ಲರಿಗೂ ಎಲ್ಲದರ ಪರಿಚಯ ಮಾಡಿಸುವುದು ವಾಡಿಕೆ: ಅಂಗಳ ಗುರುತಿಸುವುದು, ಸೀಟಿ ಹಿಡಿದು ತೀರ್ಪು ಕೊಡುವುದು, ಲೇಜಿಮ್, ಡಂಬೆಲ್ಸ್, ಅಂಗರಚನೆ, ಶರೀರಶಾಸ್ತ್ರ. 1961ರಲ್ಲಿ ಪಟಿಯಾಲದಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ದಾರಿ ಬೇರೆ. ಅಲ್ಲಿ ಕೋಚ್ ಆಗಲು ಹೋಗುವವನು ಒಂದು ಆಟವನ್ನು ಹಿಡಿದೇ ಹೋಗಬೇಕು. ಎರಡೂ ಬೇಕು. ಸರ್ಕಾರಿ ಶಾಲೆಯ ಒಬ್ಬನೇ ಶಿಕ್ಷಕನಿಗೆ ಈ ಎರಡೂ ಟೋಪಿಗಳನ್ನು ಒಟ್ಟಿಗೆ ತೊಡಿಸಿರುವುದೇ ತೊಡಕು.

ಕುರುಬೂರು ಹೇಳುವುದು ಬೇರೆ

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಊರೊಂದಿದೆ, ಅದನ್ನು ಮರೆಮಾಚಿ ಮುಂದೆ ಹೋಗುವಂತಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ನಮ್ಮ ಬಿ. ಚೈತ್ರಾ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕುರುಬೂರು ಖೋ ಖೋ ಹಿಡಿದ ಊರು. ಅಲ್ಲಿನ ಹುಡುಗಿಯರು ಎಳವೆಯಲ್ಲಿಯೇ ಖೋ ಖೋ ಅಂಗಳಕ್ಕೆ ಇಳಿದು, ವರ್ಷಗಟ್ಟಲೆ ಅದರಲ್ಲಿಯೇ ಪಳಗಿ ರಾಜ್ಯ ತಂಡಕ್ಕೆ, ದೇಶದ ತಂಡಕ್ಕೆ ಹೋಗಿದ್ದಾರೆ. ನಮ್ಮಂಥ ಶಾಲೆಯ ತಂಡ ಅವರೆದುರು ನಿಂತರೆ ಮೊದಲ ಸರದಿಯಲ್ಲಿಯೇ ಲೆಕ್ಕ ಮುಗಿಯುತ್ತದೆ. ಒಂದೇ ಆಟ ಹಿಡಿಯುವುದರ ಫಲ ಇದು, ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಇನ್ನೊಂದು ಬದಿಯಲ್ಲಿ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದಾರೆ. ಶಾಲೆಯ ದಿನಗಳಲ್ಲಿ ಅವರು ವಾಲಿಬಾಲ್ ಆಡಿದವರು, ಗುಂಡು ಎಸೆದವರು. ಕಬಡ್ಡಿಯಲ್ಲಿ ನೆಲೆಯಾದದ್ದು ಆಮೇಲೆ. ಭಾರತ ತಂಡದ ನಾಯಕಿಯಾಗಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಗುಂಡು ಎಸೆದ ಭುಜ, ವಾಲಿಬಾಲ್ ಆಡಿದ ಕಾಲು ಕಬಡ್ಡಿಗೆ ದಂಡವಾಗಲಿಲ್ಲ ಎಂದೇ ನನ್ನ ಎಣಿಕೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2016ರ ವರದಿಯಲ್ಲಿ, ಬಹುಪಾಲು ಆಟಗಳಲ್ಲಿ ಮಕ್ಕಳು ಹದಿನೈದು ಹದಿನಾರು ವರ್ಷದವರೆಗೆ ಒಂದೇ ಆಟಕ್ಕೆ ಕಟ್ಟಿಬೀಳದಿರುವುದು ಒಳ್ಳೆಯದೆಂದು ಹೇಳಿದೆ. ಒಂದೇ ಚಲನೆಯನ್ನು ವರ್ಷವಿಡೀ ಮಾಡುವ ಎಳೆಯ ಮೈಗೆ ಆಗುವ ಸವಕಳಿ ಗಾಯಗಳು, ಬೇಗನೆ ಬರುವ ಬೇಸರ ಇದಕ್ಕೆ ಕಾರಣ. ಹದಿನೈದು ಹದಿನಾರೆಂದರೆ ನಮ್ಮಲ್ಲಿ ಹತ್ತನೆಯ ತರಗತಿ ಮುಗಿಯುವ ಹೊತ್ತು. ಅಂದರೆ ಪ್ರೌಢಶಾಲೆಯ ಮೂರೂ ವರ್ಷ ಹುಡುಕಾಟದ ವರ್ಷಗಳು. ನಗರದ ಅಕಾಡೆಮಿಗಳಲ್ಲಿ ಏಳು ವರ್ಷದ ಮಗುವಿಗೆ ಬ್ಯಾಡ್ಮಿಂಟನ್ ಎಂದು ಸಹಿ ಹಾಕಿಸಿ ವರ್ಷದ ಶುಲ್ಕ ಮುಂಗಡ ಪಡೆಯುವವರಿಗೆ ಈ ವರದಿ ಅಷ್ಟು ರುಚಿಸಲಾರದು.

ನನ್ನ ಶಾಲೆಯ ಲೆಕ್ಕ ಬೇರೆಯೇ. ಖೋ ಖೋಗೆ ಹನ್ನೆರಡು ಮಂದಿ, ಕಬಡ್ಡಿಗೆ ಹನ್ನೆರಡು, ವಾಲಿಬಾಲಿಗೆ ಹನ್ನೆರಡು. ಅದೇ ಚುರುಕಾದ ಹನ್ನೆರಡು ಮಕ್ಕಳೇ ಮೂರೂ ಪಟ್ಟಿಯಲ್ಲಿದ್ದರೆ ತಾಲ್ಲೂಕಿನ ಶೀಲ್ಡ್ ಸಿಗಬಹುದು, ಮುಖ್ಯ ಶಿಕ್ಷಕರ ಮೇಜಿನ ಹಿಂದಿನ ಕಪಾಟು ತುಂಬಬಹುದು. ಉಳಿದ ಮಕ್ಕಳು ಬದಿಯಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಕೋಚ್ ಆದವನು ಆರಿಸಿಕೊಳ್ಳಬೇಕು, ಶಿಕ್ಷಕನಾದವನು ಆರಿಸುವಂತಿಲ್ಲ. ಒಂದು ಪಿರಿಯಡ್ಡಿಗೆ ಅರವತ್ತು ಮಕ್ಕಳು ಅಂಗಳಕ್ಕೆ ಇಳಿದಾಗ ನಾನು ಯಾರು ಎಂಬುದು ಆ ಗಳಿಗೆಯಲ್ಲಿ ನಿರ್ಧಾರವಾಗಬೇಕು. ನನ್ನ ರೂಢಿ ಇಷ್ಟು: ಶಾಲೆಯ ವೇಳೆಯಲ್ಲಿ ಶಿಕ್ಷಕ, ಗಂಟೆ ಹೊಡೆದ ಮೇಲೆ ಕೋಚ್. ಪಿರಿಯಡ್ಡಿನಲ್ಲಿ ತಂಡದ ಮಕ್ಕಳನ್ನು ಬೇಕೆಂದೇ ಅವರಿಗೆ ಬಾರದ ಆಟಕ್ಕೆ ಹಾಕುತ್ತೇನೆ. ಖೋ ಖೋದ ಚಿಗರೆಯಂಥ ಹುಡುಗಿಗೆ ಜಾವೆಲಿನ್ ಕೊಟ್ಟರೆ ಅದು ಅಡ್ಡಡ್ಡ ಬೀಳುತ್ತದೆ. ಅವಳು ಎರಡನೆಯ ಸಲ ಎಸೆಯುವಾಗ ಪಕ್ಕದಲ್ಲಿ ನಿಂತು ಹಿಡಿತ ಹೇಳಿಕೊಡುವವಳು ಯಾವ ತಂಡದಲ್ಲೂ ಇಲ್ಲದ, ಆದರೆ ಹೊಲದಲ್ಲಿ ಹಕ್ಕಿ ಓಡಿಸಲು ಕಲ್ಲೆಸೆದು ಅಭ್ಯಾಸವಿರುವ ಇನ್ನೊಬ್ಬಳು. ಆ ಅದಲುಬದಲನ್ನು ನೋಡಲೆಂದೇ ನಾನು ಕೆಲವು ಸಲ ದೂರ ನಿಲ್ಲುತ್ತೇನೆ. ಇದರಿಂದ ಶೀಲ್ಡ್ ಬರುವುದಿಲ್ಲ ಎಂಬುದು ಸಹೋದ್ಯೋಗಿಗಳ ದೂರು. ಕೆಲವು ವರ್ಷ ಬಂದಿಲ್ಲ, ನಿಜ.

ಈ ವರ್ಷ ಆ ಕಲ್ಲೆಸೆಯುವ ಹುಡುಗಿಯ ತಂದೆ ಶಾಲೆಗೆ ಬಂದಿದ್ದರು. ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕಳಿಸುವ ಆಸೆ ಅವರದು. ಅರ್ಜಿಯಲ್ಲಿ ಆಟದ ಹೆಸರು ಬರೆಯುವ ಜಾಗ ಒಂದೇ. "ಯಾವುದು ಬರೀಲಿ ಸಾರ್? ನೀವು ಎಲ್ಲದಕ್ಕೂ ಕಳಿಸ್ತೀರಿ, ಮನೇಲಿ ಅವಳು ದಿನಕ್ಕೊಂದು ಹೇಳ್ತಾಳೆ" ಎಂದರು. ಅವಳನ್ನೇ ಕರೆಸಿ ಕೇಳಿದೆವು. ಜಾವೆಲಿನ್ ಎಂದಳು, ತುಸು ತಡೆದು ವಾಲಿಬಾಲ್ ಎಂದಳು. ನಾನು ಅಥ್ಲೆಟಿಕ್ಸ್ ಎಂದು ಬರೆಯಲು ಹೇಳಿದೆ, ಅದರಡಿಯಲ್ಲಿ ಓಟ, ಜಿಗಿತ, ಎಸೆತ ಮೂರೂ ಬರುತ್ತವೆ. ಆಯ್ಕೆಯಾದರೆ ಅಲ್ಲಿನ ಕೋಚ್ ನೋಡಿಕೊಳ್ಳುತ್ತಾರೆ, ಆಗದಿದ್ದರೆ ಆಗಸ್ಟಿನ ಹೋಬಳಿ ಕೂಟದಲ್ಲಿ ವಾಲಿಬಾಲ್ ತಂಡಕ್ಕೆ ಎಡಬದಿಯಿಂದ ಹೊಡೆಯುವವಳೊಬ್ಬಳು ನಮಗೆ ಹೇಗೂ ಬೇಕು. ಅವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಹೋಗುವ ಮೊದಲು, ಜಾವೆಲಿನ್ ಕೋಲಿಗೆ ಎಷ್ಟಾಗುತ್ತದೆ, ಬಿದಿರಿನದಾದರೆ ನಡೆಯುತ್ತದೆಯೇ ಎಂದು ವಿಚಾರಿಸಿದರು. ಅಭ್ಯಾಸಕ್ಕೆ ಧಾರಾಳವಾಗಿ ನಡೆಯುತ್ತದೆ ಎಂದೆ.